ಕಿಟ್ಟೆಲರ ನಿಘಂಟು: ಒಂದು ಪ್ರಶ್ನೆ, ಒಂದು ಉತ್ತರ

ದೊಡ್ಡಬಳ್ಳಾಪುರದಲ್ಲಿ ಪಾಠ ಹೇಳುವವರಿಗೆ ಮಗ್ಗದ ಸದ್ದು ಹೊಸದಲ್ಲ. ಅದು ನಿಂತ ದಿನವೇ ಕಿವಿ ನಿಮಿರುತ್ತದೆ. ಅಂಥ ಮಗ್ಗದ ಮನೆಯಿಂದ ಬಂದ ವಿದ್ಯಾರ್ಥಿಯೊಬ್ಬ ಮೊನ್ನೆ ನನ್ನ ಮೇಜಿನ ಮೇಲಿದ್ದ ಕಿಟ್ಟೆಲರ ನಿಘಂಟನ್ನು ಎರಡೂ ಕೈಯಿಂದ ಎತ್ತಿ ನೋಡಿ, “ಸಾರ್, ಇವರು ಪಾದ್ರಿಗಳಲ್ಲವೆ? ಈ ಪುಸ್ತಕದಿಂದ ಎಷ್ಟು ಜನ ಅವರ ಮತಕ್ಕೆ ಸೇರಿದರು?” ಎಂದು ಕೇಳಿದ. ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಉತ್ತರ ಮಾತ್ರ ನನಗೆ ಕೂಡಲೆ ಹೊಳೆಯಲಿಲ್ಲ.

ನಮ್ಮ ವಿಮರ್ಶಕರಲ್ಲಿ ಇದಕ್ಕೊಂದು ಸಿದ್ಧ ಉತ್ತರವುಂಟು: ಕಿಟ್ಟೆಲರು ಮತಪ್ರಚಾರಕ್ಕೆ ಬಂದವರು, ಆದರೂ ಕನ್ನಡದ ಸೇವೆ ಮಾಡಿದರು. ಈ ‘ಆದರೂ’ ಎಂಬ ಮಾತನ್ನು ಕೊಂಚ ತಡೆದು ನೋಡಬೇಕು. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಫರ್ಡಿನಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಶನ್ನಿನ ಪರವಾಗಿ ಇಲ್ಲಿಗೆ ಬಂದರು. ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ನಡುವೆ ನಲವತ್ತೊಂದು ವರ್ಷ. ಸುಮಾರು 70,000 ಶಬ್ದಗಳ ಬೆನ್ನುಹತ್ತಿದ ಈ ದುಡಿಮೆಯನ್ನು ಅವರ ಶ್ರದ್ಧೆಗೆ ಹೊರಗಿನದೆನ್ನುವುದು ಹೇಗೆ?

ಅವರ ಎರಡು ಕೃತಿಗಳನ್ನು ಅಕ್ಕಪಕ್ಕ ಇಟ್ಟರೆ ವಿಷಯ ತಿಳಿಯಾಗುತ್ತದೆ. 1862ರ ‘ಕಥಾಮಾಲೆ’ಯಲ್ಲಿ ಅವರು ಕ್ರಿಸ್ತನ ಚರಿತೆಯನ್ನು ನಮ್ಮ ಛಂದಸ್ಸಿನಲ್ಲಿ ಹಾಡಿದರು. ಪ್ರಯತ್ನ ಸಾಹಸದ್ದು, ಉದ್ದೇಶ ಪ್ರಾಮಾಣಿಕವಾದದ್ದು. ಆದರೆ ಹೇಳಬೇಕಾದ ಸಂಗತಿ ಮೊದಲೇ ನಿಶ್ಚಿತವಾಗಿದ್ದುದರಿಂದ ಅಲ್ಲಿ ಕನ್ನಡ ವಾಹನವಷ್ಟೇ ಆಯಿತು. ಇಂದು ಅದನ್ನು ಓದುವವರು ವಿರಳ. ನಿಘಂಟಿನಲ್ಲಿ ಕಿಟ್ಟೆಲರು ಹೇಳಲು ಕುಳಿತವರಲ್ಲ, ಕೇಳಲು ಕುಳಿತವರು. ದಾಸರ ಪದ, ಶಿವಶರಣರ ಪುರಾಣ, ಮುದುಕಿಯರ ಗಾದೆ, ಎಲ್ಲಕ್ಕೂ ಅಲ್ಲಿ ಸ್ಥಾನವಿದೆ. ತಾನು ಒಪ್ಪದ ದೇವರ ಹೆಸರಿಗೂ ನ್ಯಾಯವಾದ ಅರ್ಥ ಬರೆಯಬೇಕಾದರೆ ಮನಸ್ಸು ಎಷ್ಟು ಬಾಗಬೇಕು! ನೆರೆಯವನನ್ನು ಪ್ರೀತಿಸಬೇಕೆಂಬ ಯೇಸುವಿನ ಆಜ್ಞೆಗೆ, ನೆರೆಯವನ ಮಾತನ್ನು ಅವನ ಅರ್ಥದಲ್ಲೇ ಕೇಳಿಸಿಕೊಳ್ಳುವುದಕ್ಕಿಂತ ದೊಡ್ಡ ಭಾಷ್ಯ ಯಾವುದು? ನನ್ನ ಮಟ್ಟಿಗೆ ‘ಕಥಾಮಾಲೆ’ ಅವರ ಉಪದೇಶ. ನಿಘಂಟು ಅವರ ಆಚರಣೆ.

ಹೀಗೆಂದ ಮಾತ್ರಕ್ಕೆ ಕೃತಿಯ ಕೊರತೆಗಳನ್ನು ಮುಚ್ಚಿಡಬೇಕಾಗಿಲ್ಲ. ಅರ್ಥಗಳು ಇಂಗ್ಲಿಷಿನಲ್ಲಿವೆ, ಕನ್ನಡವೊಂದನ್ನೇ ಬಲ್ಲವನಿಗೆ ಬಾಗಿಲು ಅರ್ಧ ಮಾತ್ರ ತೆರೆದಿದೆ. ಕಿಟ್ಟೆಲರು ಪಂಡಿತರ ನೆರವು ಪಡೆದವರು, ಹೆಚ್ಚಾಗಿ ಕರಾವಳಿ, ಕೊಡಗು, ಧಾರವಾಡಗಳ ಕಡೆ ಬಾಳಿದವರು. ನಮ್ಮ ಬಯಲುಸೀಮೆಯ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕುಳಿತವನ ಮಾತು ಅವರ ಕಿವಿಗೆ ಎಷ್ಟು ಬಿತ್ತೆಂಬುದು ವಿಚಾರಾರ್ಹ. ಮದರಾಸು ವಿಶ್ವವಿದ್ಯಾನಿಲಯಕ್ಕಾಗಿ ಮರಿಯಪ್ಪ ಭಟ್ಟರು ನಿಘಂಟನ್ನು ಪರಿಷ್ಕರಿಸಿ 1968ರಿಂದ ಸಂಪುಟಗಳಾಗಿ ಹೊರತಂದದ್ದೇ, ಕೆಲಸ ಮುಗಿಯುವಂಥದಲ್ಲವೆಂಬುದಕ್ಕೆ ಸಾಕ್ಷಿ.

ಅದೇ ಮಿಶನ್ನು ಮತಾಂತರದಿಂದ ಕುಲವೃತ್ತಿ ಕಳೆದುಕೊಂಡವರಿಗಾಗಿ ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನೂ, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ಪ್ರಾರ್ಥನೆಯ ಜೊತೆಗೆ ಅನ್ನದ ದಾರಿಯೂ ಬೇಕೆಂದು ಕಂಡುಕೊಂಡ ವಿವೇಕವದು. ಆದರೆ ಕಾರ್ಖಾನೆಯಲ್ಲಿ ಕೂಲಿ ಕೊಡುವವನೂ ಪಡೆಯುವವನೂ ಬೇರೆ ಬೇರೆ. ಪ್ರೀತಿ ಅಲ್ಲಿ ಲೆಕ್ಕದ ಪುಸ್ತಕವನ್ನು ದಾಟಿಯೇ ಬರಬೇಕು. ನಿಘಂಟಿನಲ್ಲಿ ಕಿಟ್ಟೆಲರೇ ಕೂಲಿಯಾಳು, ಧಣಿ ಕನ್ನಡ. ಈ ವ್ಯತ್ಯಾಸ ಸಣ್ಣದಲ್ಲ.

ಕಾಯಕದ ತತ್ವವನ್ನು ಹನ್ನೆರಡನೆಯ ಶತಮಾನದಲ್ಲೇ ಕೇಳಿದ ನಾಡು ನಮ್ಮದು. ಆದ್ದರಿಂದ ಕಿಟ್ಟೆಲರ ದುಡಿಮೆಯಲ್ಲಿ ಭಕ್ತಿಯನ್ನು ಗುರುತಿಸುವುದು ನಮಗೆ ಕಷ್ಟವಾಗಬಾರದು. ‘ಆದರೂ’ ಎನ್ನುವ ಕಡೆ ‘ಆದ್ದರಿಂದಲೇ’ ಎಂದು ತಿದ್ದಿಕೊಂಡರೆ ಸಾಕು. ಹಾಗೆ ತಿದ್ದಿಕೊಂಡ ಮೇಲೂ ಅವರ ಮತವನ್ನು ನಾವು ಒಪ್ಪಬೇಕಾಗಿಲ್ಲ, ಅವರ ಶ್ರದ್ಧೆಯನ್ನು ಅಲ್ಲಗಳೆಯಬೇಕಾಗಿಯೂ ಇಲ್ಲ.

ಮರುದಿನ ಹುಡುಗನಿಗೆ ಹೇಳಿದೆ: “ಎಷ್ಟು ಜನ ಅವರ ಕಡೆ ಹೋದರೋ ನಾನರಿಯೆ. ಅವರಂತೂ ನಮ್ಮ ಕಡೆ ಬಂದರು.” ಅವನು ಸ್ವಲ್ಪ ಹೊತ್ತು ಯೋಚಿಸಿ, ತಮ್ಮ ಮನೆಯ ಮಗ್ಗದ ಮಾತುಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದು ತರಲೇ ಎಂದು ಕೇಳಿದ. ತರಲಿ ಎಂದಿದ್ದೇನೆ. ಕಿಟ್ಟೆಲರಿಗೆ ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಬರೆಯಲಾರೆ.