ಉಲ್ಲೇಖಗಣನೆಯೂ ವೈದ್ಯಸಂಶೋಧನೆಯ ತೂಕವೂ: ಮೈಸೂರಿನ ಒಂದು ನಿದರ್ಶನ

ವೈದ್ಯಸಂಶೋಧಕನೊಬ್ಬನ ಯೋಗ್ಯತೆಯನ್ನು ಆತನ ಲೇಖನಗಳ ಸಂಖ್ಯೆಯಿಂದಲೂ, ಅನ್ಯರು ಅವುಗಳನ್ನು ಎಷ್ಟು ಬಾರಿ ಉಲ್ಲೇಖಿಸಿದ್ದಾರೆಂಬ ಲೆಕ್ಕದಿಂದಲೂ ನಿರ್ಣಯಿಸುವ ಪದ್ಧತಿ ನಮ್ಮ ವಿದ್ಯಾಸಂಸ್ಥೆಗಳಲ್ಲಿ ರೂಢಮೂಲವಾಗಿದೆ. ೧೯೫೫ರಲ್ಲಿ ಯೂಜೀನ್ ಗಾರ್‌ಫೀಲ್ಡ್ ಅವರು ಉಲ್ಲೇಖಸೂಚಿಯ ಕಲ್ಪನೆಯನ್ನು ಮುಂದಿಟ್ಟಾಗ ಅವರ ಉದ್ದೇಶ ಬೇರೆಯಾಗಿತ್ತು. ಒಂದು ಲೇಖನದ ಮೇಲೆ ತರುವಾಯ ಬಂದ ವಿಮರ್ಶೆಯನ್ನು ವಾಚಕನು ಸುಲಭವಾಗಿ ಕಂಡುಕೊಳ್ಳಲಿ, ದೋಷಯುಕ್ತವಾದುದನ್ನು ಪರಾಮರ್ಶಿಸದೆ ಉದ್ಧರಿಸದಿರಲಿ ಎಂಬುದು ಅದರ ತಾತ್ಪರ್ಯ. ಹುಡುಕುವ ಸಾಧನವು ಅಳೆಯುವ ಕೋಲಾದುದು ಅನಂತರದ ಕಥೆ. ೨೦೦೫ರಲ್ಲಿ ಹರ್ಷ್ ಎಂಬ ಭೌತಶಾಸ್ತ್ರಜ್ಞರು ಸೂಚಿಸಿದ ಅಂಕವನ್ನೇ ನೋಡೋಣ: ಹತ್ತು ಬಾರಿಯಾದರೂ ಉಲ್ಲೇಖಗೊಂಡ ಹತ್ತು ಲೇಖನಗಳಿದ್ದರೆ ಅಂಕ ಹತ್ತು. ಒಂದೇ ಲೇಖನ ಬರೆದು, ಅದು ಸಾವಿರ ಬಾರಿ ಉದ್ಧೃತವಾದರೂ ಅಂಕ ಒಂದೇ!

ಈ ಕೋಲಿನಿಂದ ನಮ್ಮ ನಾಡಿನ ಒಂದು ಕೃತಿಯನ್ನು ಅಳೆದು ನೋಡುವುದು ಉಚಿತ. ಮೈಸೂರು ಸಂಸ್ಥಾನದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಪರವಾಗಿ ಕೆಲಸ ಮಾಡುತ್ತಿದ್ದ ಡಬ್ಲ್ಯು. ಸಿ. ಸ್ವೀಟ್ ಹಾಗೂ ಬಿ. ಎ. ರಾವ್ ಅವರು ೧೯೩೭ರಲ್ಲಿ ಕಲ್ಕತ್ತೆಯ ‘ಇಂಡಿಯನ್ ಮೆಡಿಕಲ್ ಗೆಜೆಟ್’ ಪತ್ರಿಕೆಯಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಯ ಭೇದಗಳನ್ನು ಕುರಿತು ಬರೆದರು. ಮೊಟ್ಟೆಯನ್ನು ನೀರಿನ ಮೇಲೆ ತೇಲಿಸುವ ಇಕ್ಕೆಲದ ಗಾಳಿಚೀಲಗಳಲ್ಲಿರುವ ಏಣುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವುದೇ ಅವರ ಉಪಾಯ. ಏಣುಗಳು ಕಡಮೆಯಿರುವ ಭೇದಕ್ಕೆ ‘ಮೈಸೊರೆನ್ಸಿಸ್’ ಎಂಬ ಹೆಸರು ನಿಂತಿತು. ಇದು ಹಳ್ಳಿಗಾಡಿನದು, ದನಕರುಗಳ ರಕ್ತವನ್ನು ಆಶ್ರಯಿಸುವುದು, ಮಲೇರಿಯಾ ಹರಡುವುದರಲ್ಲಿ ದುರ್ಬಲವಾದುದು. ಪಟ್ಟಣದ ಮೂಲಭೇದವಾದರೋ ಪ್ರಬಲ ವಾಹಕ. ಅರ್ಧ ಶತಮಾನದ ಮೇಲೆ, ೧೯೮೭ರಲ್ಲಿ, ಎಸ್. ಕೆ. ಸುಬ್ಬರಾವ್ ಮತ್ತು ಸಂಗಡಿಗರು ಇದನ್ನು ಮತ್ತೆ ಪರೀಕ್ಷಿಸಿ ನಡುವಣ ಭೇದವೊಂದನ್ನೂ ಸೇರಿಸಿದರು. ಈ ಮೂರರ ಎಣಿಕೆಗಳು ಒಂದರ ಅಂಚಿನಲ್ಲೊಂದು ಬೆರೆಯುತ್ತವೆ. ಆದಕಾರಣ ಒಂದೆರಡು ಮೊಟ್ಟೆಗಳನ್ನು ನೋಡಿ ತೀರ್ಪು ಕೊಡುವುದು ಸಾಹಸವೇ ಸರಿ.

೨೦೧೨ರಲ್ಲಿ ಇದೇ ಸೊಳ್ಳೆ ಆಫ್ರಿಕದ ಜಿಬೂಟಿಯಲ್ಲಿಯೂ, ೨೦೧೬ರಲ್ಲಿ ಇಥಿಯೋಪಿಯದಲ್ಲಿಯೂ ಕಾಣಿಸಿಕೊಂಡಿತು. ೨೦೨೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತಡೆಯಲು ವಿಶೇಷ ಕಾರ್ಯಕ್ರಮವನ್ನೇ ಸಾರಿತು. ಬಂದಿರುವುದು ಯಾವ ಭೇದವೆಂಬ ಪ್ರಶ್ನೆಯೊಡನೆ ಮೈಸೂರಿನ ಹಳೆಯ ಲೇಖನಕ್ಕೆ ಮತ್ತೆ ಬೇಡಿಕೆ ಬಂದಿತು. ಲೇಖನ ಪ್ರಕಟವಾದ ಎರಡು ವರ್ಷ, ಐದು ವರ್ಷಗಳೊಳಗಿನ ಉಲ್ಲೇಖಗಳನ್ನಷ್ಟೇ ಎಣಿಸುವ ಅಳತೆಗಳಿಗೆ ಇಂಥ ಆಯುಸ್ಸು ಗೋಚರವಾಗುವುದೇ ಇಲ್ಲ. ಹಾಗೆಂದು ಉದ್ಧರಿಸಿದವರೆಲ್ಲರೂ ಮೂಲವನ್ನು ಓದಿದ್ದಾರೆಂದು ನಂಬುವಷ್ಟು ಮುಗ್ಧತೆಯೂ ನಮಗೆ ಬೇಡ.

ಇನ್ನು ಹೆಸರಿನ ತೊಡಕು. ೧೯೩೮ರಲ್ಲಿ ಇದೇ ವಿಷಯದ ಮೇಲೆ ರಾವ್ ಮತ್ತು ಸ್ವೀಟರ ಜೊತೆಗೆ ಬರೆದವರು ಎ. ಎಂ. ಸುಬ್ಬರಾವ್. ೧೯೮೭ರ ಸುಬ್ಬರಾವ್ ಬೇರೆಯವರು. ಒಂದೇ ಸೊಳ್ಳೆ, ಒಂದೇ ಏಣು, ಒಂದೇ ಹೆಸರು! ಗಣಕಯಂತ್ರವಿರಲಿ, ಮನುಷ್ಯನೂ ಇಲ್ಲಿ ಎಡವಬಹುದು. ಮಧುಗಿರಿಯವನು ಊರಿನ ಮೊದಲಕ್ಷರವನ್ನು ಹೆಸರಿನ ಮುಂದಿಟ್ಟುಕೊಳ್ಳುತ್ತಾನೆ. ಪರದೇಶಕ್ಕೆ ಹೋದಾಗ ಅದು ಬಿಚ್ಚಿಕೊಂಡು ಕುಲನಾಮದ ಸ್ಥಾನವನ್ನು ಆಕ್ರಮಿಸುವುದುಂಟು. ಬೆಂಗಳೂರಿನಲ್ಲಿ ಬರೆದ ಲೇಖನಗಳು ಒಬ್ಬನವಾಗಿ, ಹೊರಗೆ ಬರೆದವು ‘ಮಧುಗಿರಿ’ ಎಂಬ ಇನ್ನೊಬ್ಬನವಾಗಿ ಸೂಚಿಯಲ್ಲಿ ಹರಿದು ಹಂಚಿಹೋಗುತ್ತವೆ. ಶಿರಾ, ಕೊರಟಗೆರೆ, ಪಾವಗಡದವರಿಗೂ ಇದೇ ಗತಿ. ೨೦೧೨ರಿಂದ ದೊರೆಯುತ್ತಿರುವ ಆರ್ಕಿಡ್ ಸಂಖ್ಯೆಯಿಂದ ಬದುಕಿರುವವರ ಮಟ್ಟಿಗೆ ಪರಿಹಾರವುಂಟು.

ಉಲ್ಲೇಖವೇ ಬಾರದ ಕೆಲಸವೂ ಇದೆ. ಈ ನಾಲ್ಕು ತಾಲ್ಲೂಕುಗಳ, ವಿಶೇಷವಾಗಿ ಪಾವಗಡದ, ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಲೀಟರಿಗೆ ೧.೫ ಮಿಲಿಗ್ರಾಮಿನ ಮಿತಿಯನ್ನು ಮೀರಿದೆ. ಮಕ್ಕಳ ಹಲ್ಲುಗಳು ಕಲೆಗಟ್ಟುವುದು, ಹಿರಿಯರ ಮೂಳೆಕೀಲುಗಳು ಬಿಗಿಯುವುದು ಇದರ ಫಲ. ಬಾವಿ ಬಾವಿಯ ನೀರನ್ನು ತಂದು ಅಳೆದು ಬರೆದ ವರದಿ ಹೊಸ ಸಿದ್ಧಾಂತವನ್ನೇನೂ ಹೇಳುವುದಿಲ್ಲವಾದ್ದರಿಂದ ಅದನ್ನು ಉದ್ಧರಿಸುವವರು ವಿರಳ. ಆದರೆ ಯಾವ ಬಾವಿಯ ನೀರನ್ನು ಕುಡಿಯಬಾರದೆಂದು ನಿಶ್ಚಯಿಸಬೇಕಾದಾಗ ಬೇಕಾಗುವುದು ಅದೇ ವರದಿ. ಅಧ್ಯಾಪಕರ ಬಡ್ತಿಗೆ ಅಂಕ ಹಾಕುವ ಸಮಿತಿಗಳು ಲೇಖನದ ಪಟ್ಟಿಯೊಡನೆ ಲೇಖನವನ್ನೂ ತರಿಸಿ ಓದತಕ್ಕದ್ದು. ಅಭ್ಯರ್ಥಿಯೊಬ್ಬನಿಂದ ಐದು ಲೇಖನಗಳನ್ನು ಮಾತ್ರ ಕೇಳಿದರೆ ಅದಕ್ಕೆ ಸಮಯ ಸಾಲದೆಂಬ ಆಕ್ಷೇಪಕ್ಕೂ ಎಡೆಯಿರುವುದಿಲ್ಲ.