ಗುಣವಾಚಕಗಳ ಗುಂಪಿನಲ್ಲಿ ಡಿಟರ್ಮಿನರ್

ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಬಂದದ್ದು 1930ರ ದಶಕದಲ್ಲಿ. ಇಂಗ್ಲಿಷ್ ಕಲಿತ ನಮ್ಮವರಲ್ಲಿ ಎಷ್ಟೋ ತಲೆಮಾರುಗಳು ಅದಕ್ಕೆ ಋಣಿ. ಕ್ರಿಯಾಪದದ ಕಾಲಗಳನ್ನು, ಕರ್ಮಣಿ ಪ್ರಯೋಗವನ್ನು ಅಷ್ಟು ಪಟ್ಟುಹಿಡಿದು ಅಭ್ಯಾಸ ಮಾಡಿಸುವ ಪುಸ್ತಕ ಅಪರೂಪ. ಆದರೆ ಒಂದು ಕಡೆ ಅದು ಕನ್ನಡದ ಮಕ್ಕಳ ಕೈಬಿಡುತ್ತದೆ. ‘ದಿಸ್’, ‘ಮೈ’, ‘ಎವ್ರಿ’ ಎಲ್ಲವನ್ನೂ ಗುಣವಾಚಕಗಳ ಗುಂಪಿಗೆ ಸೇರಿಸುತ್ತದೆ; ಅದರ ಹಳೆಯ ಮುದ್ರಣಗಳಂತೂ ‘ಎ’, ‘ದ’ ಕೂಡ ನಿಜಕ್ಕೆ ಗುಣವಾಚಕಗಳೇ ಎಂದುಬಿಟ್ಟಿದ್ದವು.

ಇದರಿಂದಾಗುವ ತೊಂದರೆ ಸಣ್ಣದಲ್ಲ. ಗುಣವಾಚಕಗಳನ್ನು ಒಂದರ ಹಿಂದೊಂದು ಪೋಣಿಸಬಹುದು: ‘ಬಿಗ್ ರೆಡ್ ಬಸ್’. ಹಾಗಾದರೆ ‘ಮೈ ದಿಸ್ ಪೆನ್’ ಯಾಕೆ ತಪ್ಪು? ಕನ್ನಡದಲ್ಲಿ ‘ನನ್ನ ಈ ಪೆನ್ನು’ ಎಂದು ಸಲೀಸಾಗಿ ಹೇಳುತ್ತೇವಲ್ಲ! ಗುಣವಾಚಕ ಎಂಬ ಹೆಸರು ಹಿಡಿದು ಹೊರಟರೆ ಮೇಷ್ಟರ ಬಳಿಯೂ ಇದಕ್ಕೆ ಉತ್ತರವಿರುವುದಿಲ್ಲ. ಯಾವುದು, ಯಾರದು, ಎಷ್ಟು ಎಂದು ಗುರುತಿಸುವ ಈ ಪದಗಳನ್ನು ಡಿಟರ್ಮಿನರ್ ಎಂದು ಕರೆದರೆ ಉತ್ತರವಿದೆ. ನಾಮಪದಕ್ಕೆ ಮುಂಚೆ, ಗುಣವಾಚಕಗಳಿಗೂ ಮೊದಲು, ಇವುಗಳಿಗೆಂದು ಇಂಗ್ಲಿಷ್ ಒಂದೇ ಪೀಠ ಹಾಕಿದೆ. ‘ಮೈ’ ಕೂತ ಮೇಲೆ ‘ದಿಸ್’ಗೂ ‘ದ’ಗೂ ಅಲ್ಲಿ ಎಡೆಯಿಲ್ಲ, ಎರಡೂ ಬೇಕೆಂದರೆ ‘ದಿಸ್ ಪೆನ್ ಆಫ್ ಮೈನ್’ ಎಂದು ಸುತ್ತಿ ಬರಬೇಕು. ರ‍್ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರ 1985ರ ಬೃಹತ್ ವ್ಯಾಕರಣ ಇದನ್ನು ಇನ್ನಷ್ಟು ಬಿಡಿಸಿತು: ‘ಆಲ್’, ‘ಬೋತ್’ ಈ ಪೀಠಕ್ಕಿಂತ ಮೊದಲು, ‘ಮೆನಿ’ಯೂ ಸಂಖ್ಯೆಗಳೂ ಅದರ ನಂತರ. ‘ಬೋತ್ ಮೈ ಹ್ಯಾಂಡ್ಸ್’, ‘ಮೈ ಟೂ ಹ್ಯಾಂಡ್ಸ್’ ಸರಿಯಾಗುವುದು ಹೀಗೆ. ಹತ್ತನೇ ತರಗತಿಯ ಮಗುವಿಗೂ ಇದು ಅರ್ಥವಾಗುವ ಮಾತು.

ಪುಸ್ತಕಕ್ಕಿಂತ ದೊಡ್ಡ ದೋಷ ಬಿಟ್ಟ ಸ್ಥಳ ತುಂಬಿಸುವ ನಮ್ಮ ಪದ್ಧತಿಯಲ್ಲಿದೆ. ‘ಐ ಬಾಟ್’ ಆದ ಮೇಲೆ ಒಂದು ಗೆರೆ, ಆಮೇಲೆ ‘ಪೆನ್’. ಇಲ್ಲಿ ‘ಎ’ ಸರಿ, ‘ದ’ ಕೂಡ ಸರಿ. ಕೇಳುವವರಿಗೆ ಆ ಪೆನ್ನು ಯಾವುದೆಂದು ಮೊದಲೇ ಗೊತ್ತೇ ಎಂಬುದರ ಮೇಲೆ ಉತ್ತರ ನಿಂತಿದೆ. ಒಂಟಿ ವಾಕ್ಯ ಅದನ್ನು ಹೇಳುವುದೇ ಇಲ್ಲ. ಮೌಲ್ಯಮಾಪಕರು ಮಾತ್ರ ಒಂದಕ್ಕೇ ಅಂಕ ಕೊಡುತ್ತಾರೆ. ಇದು ಮಕ್ಕಳಿಗೆ ಮಾಡುವ ಅನ್ಯಾಯ.

ಅದಕ್ಕಿಂತ ಬೇಸರದ ಸಂಗತಿಯೆಂದರೆ, ಈ ವ್ಯತ್ಯಾಸ ನಮ್ಮ ಮಕ್ಕಳಿಗೆ ಹೊಸದೇ ಅಲ್ಲ. ‘ಪೆನ್ನು ತಂದೆ’ ಎಂದರೆ ಸಾಮಾನ್ಯವಾಗಿ ಯಾವುದೋ ಒಂದು. ‘ಪೆನ್ನನ್ನ ತಂದೆ’ ಎಂದರೆ ಇಬ್ಬರಿಗೂ ಗೊತ್ತಿರುವ ಪೆನ್ನು. ಇಂಗ್ಲಿಷ್ ‘ದ’ದಿಂದ ಮಾಡುವ ಕೆಲಸದ ಒಂದು ಪಾಲನ್ನು ನಮ್ಮ ದ್ವಿತೀಯಾ ವಿಭಕ್ತಿ ಮಾಡುತ್ತದೆ. ಪಾಠ ಶುರುವಾಗಬೇಕಾದದ್ದು ಇಲ್ಲಿಂದ. ಅಭ್ಯಾಸಕ್ಕೆ ಒಂಟಿ ವಾಕ್ಯ ಬಿಟ್ಟು ಎರಡು ಕೊಡಲಿ: ‘ಐ ಬಾಟ್ ಎ ಪೆನ್ ಅಂಡ್ ಎ ನೋಟ್‌ಬುಕ್. ದ ಪೆನ್ ಲೀಕ್ಸ್.’ ಎರಡನೆಯ ವಾಕ್ಯದಲ್ಲಿ ‘ದ’ ಯಾಕೆ ಬಂತೆಂದು ಮಗುವೇ ಹೇಳುತ್ತದೆ.