ಗೆರೆ ಎಳೆದು ಹೊರಡುವವನು

2022ರ ನವೆಂಬರ್ 22, ನಮ್ಮಲ್ಲಿ ಮಧ್ಯಾಹ್ನ ಮೂರೂವರೆ. ಊಟದ ಮಂಪರಿನಲ್ಲೇ ಟಿ.ವಿ. ಹಾಕಿಕೊಂಡು ಕೂತಿದ್ದೆ. ಕತಾರ್‌ನ ಲುಸೈಲ್ ಮೈದಾನದ ವಿಶ್ವಕಪ್ ಪಂದ್ಯದಲ್ಲಿ ಹತ್ತನೇ ನಿಮಿಷಕ್ಕೇ ಅರ್ಜೆಂಟೀನಾದ ಮೆಸ್ಸಿ ಪೆನಾಲ್ಟಿ ಗೋಲು ಹೊಡೆದ. ಇನ್ನು ಸೌದಿ ಅರೇಬಿಯಾಕ್ಕೆ ಎಷ್ಟು ಬೀಳುತ್ತವೆ ಅಂತ ಎಣಿಸುವುದಷ್ಟೇ ಬಾಕಿ ಅಂದುಕೊಂಡೆ. ಮೊದಲರ್ಧದಲ್ಲೇ ಚೆಂಡು ಇನ್ನೂ ಮೂರು ಸಲ ಬಲೆಗೆ ಬಿತ್ತು ಕೂಡ. ಮೂರೂ ಸಲ ಆಫ್‌ಸೈಡ್! ಒಂದರಲ್ಲಂತೂ ಲೌಟಾರೊ ಮಾರ್ಟಿನೆಜ್‌ನ ಹೆಗಲಷ್ಟೇ ಗೆರೆ ದಾಟಿತ್ತು.

ಮುಂದಿನದು ಎಲ್ಲರಿಗೂ ಗೊತ್ತು. ವಿರಾಮದ ನಂತರ ಐದು ನಿಮಿಷದ ಅಂತರದಲ್ಲಿ ಎರಡು ಗೋಲು, 36 ಪಂದ್ಯಗಳಿಂದ ಸೋಲನ್ನೇ ಕಾಣದಿದ್ದ ಅರ್ಜೆಂಟೀನಾಕ್ಕೆ 2–1ರ ಸೋಲು. ಆಮೇಲೆ ಊರೆಲ್ಲ ಸುತ್ತಿದ್ದು ಡ್ರೆಸ್ಸಿಂಗ್ ರೂಮಿನ ವಿಡಿಯೊ. ಸೌದಿ ತಂಡದ ಬಿಳಿ ಅಂಗಿಯ ಕೋಚ್ ಹರ್ವೇ ರೆನಾರ್ ಕೂಗಾಡುತ್ತಾನೆ, ದುಭಾಷಿ ಅದನ್ನು ಅರಬ್ಬಿಗೆ ತಿರುಗಿಸುತ್ತಾನೆ. ಮೆಸ್ಸಿಯನ್ನು ಸುಮ್ಮನೆ ನೋಡುತ್ತ ನಿಲ್ಲುವುದಾದರೆ ಫೋನ್ ತಂದು ಫೋಟೊನೇ ತೆಗೆಸಿಕೊಳ್ಳಿ ಅಂತ ಮೂದಲಿಕೆ. ಪಂದ್ಯ ಗೆದ್ದಿದ್ದು ಆ ಭಾಷಣದಿಂದ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಷ್ಟು ಹೊತ್ತಿಗೆ ಪಂದ್ಯವನ್ನು ಉಳಿಸಿಕೊಟ್ಟಿದ್ದು ರಕ್ಷಣಾ ಸಾಲು. ಅರ್ಜೆಂಟೀನಾದಂಥ ತಂಡದೆದುರು ಆ ಸಾಲನ್ನು ಅಷ್ಟು ಮುಂದೆ ತಂದು ನಿಲ್ಲಿಸುವುದಕ್ಕೆ ಗುಂಡಿಗೆ ಬೇಕು. ನಾಲ್ವರೂ ಒಟ್ಟಿಗೆ ಹೆಜ್ಜೆ ಎತ್ತಬೇಕು. ಒಬ್ಬ ಅರೆಕ್ಷಣ ಹಿಂದೆ ಉಳಿದರೂ ಮನೆ ಬಾಗಿಲು ತೆರೆದಂತೆ. ಅಂದಿನ 26 ಮಂದಿಯೂ ಸೌದಿ ಲೀಗ್‌ನವರೇ, ಅಲ್ ಹಿಲಾಲ್ ಒಂದೇ ಕ್ಲಬ್ಬಿನವರು ಹತ್ತಕ್ಕೂ ಹೆಚ್ಚು. ಜೊತೆಗೇ ಆಡಿ ಪಳಗಿದವರಿಗೆ ಮಾತ್ರ ಬರುವ ಹೊಂದಾಣಿಕೆ ಅದು. ರೆನಾರ್‌ನ ಜಾಣತನ ಅದನ್ನು ಗುರುತಿಸಿ ಪಣಕ್ಕಿಟ್ಟದ್ದರಲ್ಲಿದೆ.

ಇದು ಡಿಫೆಂಡರ್‌ನ ಬುದ್ಧಿ. ರೆನಾರ್ ಆಡುವಾಗ ದೊಡ್ಡ ಹೆಸರೇನಲ್ಲ. ಕಾನ್‌ನಲ್ಲಿ ಶುರುಮಾಡಿ, ಆಮೇಲೆ ವಲ್ಲೊರಿಸ್, ದ್ರಾಗಿನ್ಯಾನ್‌ನಂಥ ಕೆಳ ಹಂತದ ಕ್ಲಬ್ಬುಗಳಿಗೆ ಇಳಿದವನು. ಬೂಟು ಕಳಚಿದ ಮೇಲೆ ಕಟ್ಟಡ ಗುಡಿಸಿ ಒರೆಸುವ ಕೆಲಸ. ಬೆಳಗಿನ ಜಾವ ಕಸದ ಡಬ್ಬಿ, ಸಂಜೆ ಕೋಚಿಂಗ್. ಅಲ್ಲಿಂದ ಕೈಹಿಡಿದು ಹೊರಗೆ ಕರೆದೊಯ್ದವನು ಕ್ಲೋದ್ ಲೆ ರಾಯ್, ಆಫ್ರಿಕಾ ಸುತ್ತಿದ ಹಳೆಯ ಹುಲಿ. ಶಾಂಘೈ, ಕೇಂಬ್ರಿಜ್, ಘಾನಾ ಎಲ್ಲ ಅವನ ಜೊತೆಯಲ್ಲಿ. ನಡುವೆ ವಿಯೆಟ್ನಾಂ ಒಬ್ಬನೇ.

2012ರ ಫೆಬ್ರುವರಿ 12ರಂದು ಜಾಂಬಿಯಾದ ಕೋಚ್ ಆಗಿ ರೆನಾರ್ ಗ್ಯಾಬೊನ್‌ನ ಲಿಬ್ರವಿಲ್‌ನಲ್ಲಿ ಆಡಿಸಿದ ಆಫ್ರಿಕಾ ಕಪ್ ಫೈನಲ್ ಬೇರೆಯದೇ ತೂಕದ್ದು. 1993ರಲ್ಲಿ ಜಾಂಬಿಯಾ ತಂಡವನ್ನು ಹೊತ್ತ ವಿಮಾನ ಬಿದ್ದಿದ್ದು ಅದೇ ಊರಿನ ಕಡಲಿಗೆ. ಫೈನಲ್‌ಗೆ ಮೊದಲು ಆಟಗಾರರು ದಡಕ್ಕೆ ಹೋಗಿ ಹೂವು ಇಟ್ಟು ಬಂದರು. ಎದುರಾಳಿ ಐವರಿ ಕೋಸ್ಟ್. ದ್ರೋಗ್ಬಾ ಪೆನಾಲ್ಟಿಯನ್ನು ಆಕಾಶಕ್ಕೆ ಹೊಡೆದ. 120 ನಿಮಿಷ ಗೋಲಿಲ್ಲ. ಶೂಟೌಟ್‌ನಲ್ಲಿ ಜಾಂಬಿಯಾ 8–7. ಶುರುವಿನಲ್ಲೇ ಗಾಯಗೊಂಡು ಅಳುತ್ತ ಹೊರಬಂದಿದ್ದ ಎಡ ರಕ್ಷಕ ಜೋಸೆಫ್ ಮುಸೊಂಡಾನನ್ನು ರೆನಾರ್ ಮಗುವಿನಂತೆ ಎತ್ತಿಕೊಂಡು ಓಡಿಹೋಗಿ ಸಂಭ್ರಮದ ನಡುವೆ ಇಳಿಸಿದ. ಕ್ಯಾಮೆರಾ ಪ್ರೀತಿ ಇರುವ ಮನುಷ್ಯ ಹೌದು, ಆ ಬಿಳಿ ಅಂಗಿಯ ಶೋಕಿ ನನಗೂ ಅಷ್ಟಕ್ಕಷ್ಟೇ. ಆದರೆ ಅವತ್ತಿನದು ನಾಟಕ ಅನ್ನಿಸಲಿಲ್ಲ.

ಮೂರೇ ವರ್ಷಕ್ಕೆ ಅವನು ಸೋತ ತಂಡದ ಪಾಳಯದಲ್ಲಿದ್ದ. 2015ರಲ್ಲಿ ಐವರಿ ಕೋಸ್ಟ್‌ಗೆ ಕಪ್, ಮತ್ತೆ 0–0, ಮತ್ತೆ ಶೂಟೌಟ್, ಘಾನಾ ಎದುರು 9–8. ಎರಡು ದೇಶಗಳಿಗೆ ಆ ಕಪ್ ಗೆದ್ದುಕೊಟ್ಟ ಮೊದಲ ಕೋಚ್. ದಾಖಲೆ ದೊಡ್ಡದು, ಆದರೆ ಎರಡು ಫೈನಲ್‌ಗಳ 240 ನಿಮಿಷದಲ್ಲಿ ಅವನ ತಂಡಗಳು ಹೊಡೆದದ್ದು ಸೊನ್ನೆ ಗೋಲು, ಬಿಟ್ಟುಕೊಟ್ಟದ್ದೂ ಸೊನ್ನೆ. ಬಾಗಿಲು ಭದ್ರಮಾಡಿ ಕಾಯುವುದು ಅವನ ಕಸುಬು. ಕೊನೆಗೆ ಬರುವವನು ಅತಿಥಿಯೋ ಕಳ್ಳನೋ ಅವನ ಕೈಯಲ್ಲಿಲ್ಲ. 2019ರಲ್ಲಿ ಅವನ ಮೊರಾಕ್ಕೊ ಬೆನಿನ್‌ಗೆ ಸೋತಿದ್ದು ಶೂಟೌಟ್‌ನಲ್ಲೇ, 2023ರ ಮಹಿಳಾ ವಿಶ್ವಕಪ್‌ನಲ್ಲಿ ಅವನ ಫ್ರಾನ್ಸ್ ಆಸ್ಟ್ರೇಲಿಯಾಕ್ಕೆ ಸೋತಿದ್ದೂ ಹಾಗೆಯೇ.

ಕ್ಲಬ್ಬುಗಳಲ್ಲಿ ಮಾತ್ರ ಬೇಳೆ ಬೇಯಲಿಲ್ಲ. 2014ರಲ್ಲಿ ಸೊಶೋ ಕೆಳ ದರ್ಜೆಗೆ ಇಳಿಯಿತು, ಲಿಲ್ ಆರು ತಿಂಗಳಲ್ಲಿ ಹೊರಗೆ ಕಳಿಸಿತು. ವಾರವಾರವೂ ಆಟ ಕಟ್ಟುತ್ತ ಹೋಗುವುದು ಒಂದು ಸಂಸಾರ. ಇವನದು ಮದುವೆಮನೆಯ ಅಡುಗೆ ಭಟ್ಟರ ಕೆಲಸ. ಹತ್ತಿಪ್ಪತ್ತು ದಿನ ಕೊಡಿ, ಸಾವಿರ ಜನಕ್ಕೆ ಬಡಿಸಿ ಹೋಗುತ್ತಾನೆ. ಅರ್ಜೆಂಟೀನಾ ಗೆಲುವಿನ ಬೆನ್ನಿಗೇ ಸೌದಿ ಪೋಲೆಂಡ್‌ಗೂ ಮೆಕ್ಸಿಕೊಗೂ ಸೋತು ಮನೆಗೆ ಹೋಯಿತೆಂಬುದನ್ನು ಆ ವಿಡಿಯೊ ಹೇಳುವುದಿಲ್ಲ. ಮೊರಾಕ್ಕೊವನ್ನು 20 ವರ್ಷದ ನಂತರ ವಿಶ್ವಕಪ್‌ಗೆ ತಂದದ್ದು, ಅದೂ ಕೊನೆಯ ಅರ್ಹತಾ ಸುತ್ತಿನ ಆರು ಪಂದ್ಯಗಳಲ್ಲಿ ಒಂದೂ ಗೋಲು ಬಿಡದೆ, ನನ್ನ ಲೆಕ್ಕದಲ್ಲಿ ಅವನ ಅತ್ಯುತ್ತಮ ಕೆಲಸ. ಅದರ ವಿಡಿಯೊ ಯಾರೂ ಹಂಚಲಿಲ್ಲ.

2024ರ ಜನವರಿಯಲ್ಲಿ ತವರಿನ ಆಫ್ರಿಕಾ ಕಪ್‌ನಲ್ಲಿ ಮುಗ್ಗರಿಸಿದ ಐವರಿ ಕೋಸ್ಟ್, ನಡುವೆಯೇ ಕೋಚನ್ನು ತೆಗೆದುಹಾಕಿ, ಫ್ರಾನ್ಸ್ ಮಹಿಳಾ ತಂಡದಲ್ಲಿದ್ದ ರೆನಾರ್‌ನನ್ನು ಕೆಲವು ದಿನದ ಮಟ್ಟಿಗೆ ಕಡ ಕೊಡಿ ಅಂತ ಕೇಳಿತು. ಫ್ರೆಂಚರು ಒಪ್ಪಲಿಲ್ಲ. ಸಹಾಯಕನಾಗಿದ್ದ ಎಮೆರ್ಸ್ ಫಾಯೆ ಚುಕ್ಕಾಣಿ ಹಿಡಿದ. ಅವನೇ ಕಪ್ ಗೆದ್ದ.